ಕಣ್ಣೊಳಗಿನ ಗುಂಡು ತೆಗೆಸಲು ರಾಯಚೂರಿಗೆ

ಎಂಬತ್ತೆರಡನೆಯ ಇಸವಿಯ ಬೇಸಿಗೆ. ದೇವದುರ್ಗದಿಂದ ಬೆಳಗಿನ ಮೊದಲ ಬಸ್ಸಿಗೆ ನಾನೂ ನಮ್ಮವರೂ ಹೊರಟೆವು. ನಮ್ಮವರು ಶಾಲೆಯ ಮಾಸ್ತರು. ಮೂರು ವರ್ಷದ ಹಿಂದೆ ಹತ್ತಿಗಿಡದ ಒಣ ಕಟಿಗೆ ಚುಚ್ಚಿ ಎಡಗಣ್ಣು ಕೆಟ್ಟು, ಕಣ್ಣನ್ನೇ ತೆಗೆಯಬೇಕಾಯಿತು. ಗುಳಿ ಒಳಕ್ಕೆ ಕುಸಿಯದಿರಲೆಂದು ಅದರೊಳಗೆ ಗೋಲಿಯಂಥ ಒಂದು ಗುಂಡು ಇಟ್ಟು ಹೊಲಿದು, ಅದರ ಮೇಲೆ ಪ್ಲಾಸ್ಟಿಕ್ ಕಣ್ಣು ಕೂಡಿಸಿದ್ದರು. ಎಂಟು ದಿನದಿಂದ ಅಲ್ಲಿ ಕೀವು. ಹಿಂದಿನ ಸಂಜೆ ರೆಪ್ಪೆ ಎತ್ತಿ ನೋಡಿದರೆ ಕೆಂಪು ಮಾಂಸದ ನಡುವೆ ಬೆಳ್ಳಗೆ ಏನೋ ಇಣುಕುತ್ತಿತ್ತು. ಉಳಿದ ಒಂದು ಕಣ್ಣಿಗೂ ಇದು ಹಬ್ಬಿದರೆ ಗತಿ ಏನು?

ಗಬ್ಬೂರು ದಾಟುವ ಹೊತ್ತಿಗೆ ಬಸ್ಸಿನ ತುಂಬ ಧೂಳು. ಪಕ್ಕದ ಸೀಟಿನ ಬಟ್ಟೆ ವ್ಯಾಪಾರಿ ಸಾಹೇಬರು ಎದ್ದು, “ಮಾಸ್ತರ, ಕಿಡಕಿ ಬಿಟ್ಟು ಈ ಕಡಿ ಬರ್ರಿ” ಎಂದು ತಮ್ಮ ಜಾಗ ಕೊಟ್ಟರು. ಎಲ್ಲಿಗೆ, ಯಾಕೆ ಎಂದು ಕೇಳಿದರು, ಹೇಳಿದೆ. “ಡಾಕ್ಟರ್ ಮುಂದ ಏನೂ ಮುಚ್ಚಿಡಬ್ಯಾಡ್ರಿ ಅಕ್ಕಾರ” ಎಂದರು. ಅವರು ಸಹಜವಾಗಿ ಆಡಿದ ಮಾತು, ನನಗೆ ಮಾತ್ರ ಚುರ್ ಅಂದಿತು.

ಮಡಿಯ ವಿಷಯದಲ್ಲಿ ನಾನು ಬಲು ಗಟ್ಟಿ. ಯಾರ್ಯಾರ ಕೈ ಮುಟ್ಟಿ ಬಂದ ಪ್ಲಾಸ್ಟಿಕ್ಕೋ ಏನೋ, ಅದನ್ನು ಹಾಗೇ ಇಟ್ಟುಕೊಂಡು ದೇವರ ಪೂಜೆಗೆ ಕೂಡುವುದುಂಟೇ? ದಿನಾ ಸ್ನಾನದ ಹೊತ್ತಿಗೆ ಆ ಕಣ್ಣು ತೆಗೆಸಿ, ಭಾವಿಯ ನೀರಲ್ಲಿ ತೊಳೆಸಿ, ಗುಳಿಗೂ ಅದೇ ನೀರು ಹಾಕಿಸಿ ದೇವರ ಮನೆಯೊಳಗೆ ಬಿಡುತ್ತಿದ್ದೆ. ಮೇಲಿಂದ ಮೇಲೆ ತೆಗೆಯಬೇಡಿರೆಂದು ಡಾಕ್ಟರು ಮೊದಲೇ ಹೇಳಿದ್ದರು. ಡಾಕ್ಟರಿಗೆ ಮಡಿ ಏನು ಗೊತ್ತು ಅಂದಿದ್ದೆ. ನಮ್ಮವರು ಪಾಪ, ಒಂದು ದಿನವೂ ಎದುರಾಡಲಿಲ್ಲ.

ಕಲ್ಮಲದಲ್ಲಿ ಬಸ್ಸು ಚಹಾಕ್ಕೆ ನಿಂತಿತು. ಮನೆಯಿಂದ ತಂದ ಅವಲಕ್ಕಿ ಬಿಚ್ಚಿ ಅವರ ಮುಂದಿಟ್ಟೆ, ನಾನು ಮುಟ್ಟಲಿಲ್ಲ. “ತಿನ್ನು, ಮುಖ ಯಾಕ ಹಂಗ ಮಾಡ್ಕೊಂಡೀ?” ಎಂದು ಅವರೇ ನನಗೆ ಸಮಾಧಾನ ಹೇಳಿದರು.

ರಾಯಚೂರಲ್ಲಿ ಇಳಿದಾಗ ಹತ್ತು ಗಂಟೆ, ಬಿಸಿಲು ಆಗಲೇ ಸುಡುತ್ತಿತ್ತು. ಟಾಂಗಾ ಹಿಡಿದು ದವಾಖಾನೆಗೆ ಹೋದೆವು. ಡಾಕ್ಟರು ಬ್ಯಾಟರಿ ಹಾಕಿ ನೋಡಿದರು.

“ಮ್ಯಾಲಿನ ಪದರ ಹರಿದು ಗುಂಡು ಹೊರಗ ಬರಾಕತ್ತದ. ಕೀವಾಗ್ಯದ, ತೆಗೀಬೇಕು. ದಿನಾ ಕಣ್ಣು ತೆಗೆದು ಹಾಕ್ತಿದ್ರೇನು?”

“ಹೌದ್ರಿ, ನಂದೇ ತಪ್ಪು” ಎಂದರು ನಮ್ಮವರು.

ಸುಮ್ಮನಿರಲು ನನ್ನಿಂದ ಆಗಲಿಲ್ಲ. “ಅವರದಲ್ರೀ. ನಾ ಹಟ ಮಾಡಿ ತೆಗೆಸ್ತಿದ್ದೆ, ಭಾವಿ ನೀರು ಹಾಕಿಸ್ತಿದ್ದೆ. ಆ ಇನ್ನೊಂದು ಕಣ್ಣು ಉಳೀತದೇನ್ರಿ?”

ಡಾಕ್ಟರು ಬೈಯಲಿಲ್ಲ. ಬಲಗಣ್ಣನ್ನು ಎರಡೆರಡು ಸಲ ನೋಡಿ, “ಅದು ಚೊಲೋ ಅದ” ಎಂದರು. ನಾನು ಅಲ್ಲೇ ಬಾಕಿನ ಮೇಲೆ ಕೂತು ಅತ್ತೆ.

ಮರುದಿನ ಗುಂಡು ತೆಗೆದರು. ಗಾಯ ಪೂರ್ತಿ ಮಾಗಿದ ಮೇಲೆ ಬೇರೆಯದು ಇಡುವುದೋ ಬಿಡುವುದೋ ನೋಡೋಣ ಎಂದರು. ಐದನೆಯ ದಿನ ಪಟ್ಟಿ ಕಟ್ಟಿಸಿಕೊಂಡು ಊರ ಬಸ್ಸು ಹತ್ತಿದೆವು. ಪಟ್ಟಿಗೆ ನೀರು ತಾಗುವಂತಿರಲಿಲ್ಲ.

ಬಸ್ಸು ರಾಯಚೂರು ಬಿಟ್ಟ ಮೇಲೆ ಅವರು ಮೆಲ್ಲಗೆ ಅಂದರು: “ತಲಿ ಮ್ಯಾಲ ನೀರು ಹಾಕ್ಕೊಳ್ಳೋಹಂಗಿಲ್ಲ. ನಾ ದೇವರ ಮನಿ ಹೊರಗೇ ಕೂಡ್ತೀನಿ, ನೀ ಬೈಬ್ಯಾಡ.”

ನನಗೆ ಅಂಜಿಯೇ ಮೂರು ವರ್ಷ ದಿನಾ ತಮ್ಮ ಗಾಯ ಕೆದರಿಕೊಂಡ ಮನುಷ್ಯ.

“ಒಳಗ ಬರ್ರಿ” ಅಂದೆ. “ಪಟ್ಟಿ ಕಟ್ಕೊಂಡು ಹಂಗೇ ಬರ್ರಿ.”

ಅವರು ನಂಬಲಿಲ್ಲ. “ಖರೇನ, ಹಂಗೇ ಒಳಗ ಬರ್ಲೇನು?” ಎಂದರು. ಗಬ್ಬೂರು ಬರುವ ತನಕ ಇನ್ನೂ ಎರಡು ಸಲ ಅದನ್ನೇ ಕೇಳಿದರು.