ಜಡೆ ಇಲ್ಲದ ತೋಳು

ನನ್ನ ಓರಗಿತ್ತಿಯ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯುವುದಕ್ಕೆ ನನ್ನಷ್ಟು ಅನರ್ಹಳು ಇನ್ನೊಬ್ಬಳಿಲ್ಲ. ಅವಳನ್ನು ಕಂಡರೆ ನನಗೆ ಹೊಟ್ಟೆಯುರಿ. ಹದಿನಾರು ವರ್ಷದಿಂದ ಉರಿಯುತ್ತಲೇ ಇದೆ, ಇನ್ನೂ ಆರಿಲ್ಲ. ಆದರೆ ಅವಳನ್ನು ನನ್ನಷ್ಟು ಕಣ್ಣಿಟ್ಟು ನೋಡಿದವರೂ ಯಾರಿಲ್ಲ. ಹಾಗಾಗಿ ನಾನೇ ಬರೆಯುತ್ತೇನೆ.

ಅವಳು ನನ್ನ ಮೈದುನನ ಹೆಂಡತಿ. ಎಲ್ಲರಿಗೂ ಎಡಚಿ. ಆ ಹೆಸರಿಟ್ಟವರು ನಮ್ಮ ಅತ್ತೆ. ಮದುವೆಯಾದ ಹೊಸದರಲ್ಲಿ ಅವಳು ಎಡಗೈಯಲ್ಲಿ ನೀರಿನ ಲೋಟ ಚಾಚಿದಾಗ ಅತ್ತೆ ಅದನ್ನು ಅವಳ ಬಲಗೈಗೆ ದಾಟಿಸಿ, ಆಮೇಲೆ ತೆಗೆದುಕೊಂಡಿದ್ದರು. ನನಗೆ ಹಾಲು ಕುಡಿದಷ್ಟು ಸಂತೋಷವಾಗಿತ್ತು. ಅವಳು ಮಾತ್ರ ನಕ್ಕು, ಎಡಚಿ ಅಂತಲೇ ಕರೆಯಿರಿ, ಚೆನ್ನಾಗಿದೆ ಎಂದಿದ್ದಳು. ಬೈದರೂ ನಗುವವರನ್ನು ಏನು ಮಾಡುವುದು?

ನಾನು ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ, ಶಾಲೆ ಮಕ್ಕಳ ಯೂನಿಫಾರಂ ಹೊಲಿಯುತ್ತೇನೆ. ಬಟ್ಟೆಯನ್ನು ಎರಡು ಮಡಿಕೆ ಮಾಡಿ ಒಂದೇ ಸಲ ಕತ್ತರಿಸಿದರೆ ಅಂಗಿಯ ಎರಡು ತೋಳಿಗೂ ಕೂದಲೆಳೆಯ ವ್ಯತ್ಯಾಸ ಬರುವುದಿಲ್ಲ. ಎಡಚಿ ಬಸ್ ನಿಲ್ದಾಣದ ಪಾರ್ಸಲ್ ಕೌಂಟರಿನಲ್ಲಿ ಮೂಟೆ ತೂಗುತ್ತಾಳೆ, ಒಂದು ಬಸ್ಸು ಹೋಗಿ ಇನ್ನೊಂದು ಬರುವವರೆಗೆ ಉಲ್ಲನ್ ಹೆಣೆಯುತ್ತಾಳೆ. ಅವರ ಮನೆ ಎರಡು ಬೀದಿ ಆಚೆ. ಅತ್ತೆ ಇರುವುದು ನನ್ನ ಜೊತೆ.

ಎರಡು ವರ್ಷದ ಹಿಂದೆ ಅತ್ತೆಗೆ ಪಾರ್ಶ್ವವಾಯು ಬಡಿದು ಬಲಗೈ ಬಿದ್ದುಹೋಯಿತು. ಅಂದಿನಿಂದ ಅವರ ಕೈ ನಾನೇ. ಸಡಿಲ ನೈಟಿ ಹೇಗೋ ತಾವೇ ಹಾಕಿಕೊಂಡರೂ, ಬೆಳಿಗ್ಗೆ ಅದರ ಮೇಲೆ ಸ್ವೆಟರ್ ತೊಡಿಸುವಾಗ ಅವರು ನನ್ನ ಹೆಗಲಿಗೆ ತಲೆ ಆನಿಸುತ್ತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ನನ್ನ ಒಂದು ಕೆಲಸವನ್ನೂ ಹೊಗಳದ ಹೆಂಗಸು, ಆ ಹತ್ತು ನಿಮಿಷ ಪೂರ್ತಿ ನನ್ನವರಾಗಿರುತ್ತಿದ್ದರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರಲ್ಲ, ನನ್ನ ಕಾಲ ಬಂದಿತ್ತು. ಅದಕ್ಕೆ ಕಲ್ಲು ಹಾಕಿದವಳು ಎಡಚಿ.

ಚಳಿ ಶುರುವಾಗುವ ಮೊದಲು ಅವಳು ಅತ್ತೆಗೆ ಹೆಣೆಯಲೆಂದು ವಾರಪತ್ರಿಕೆಯಿಂದ ಒಂದು ಹಾಳೆ ಹರಿದು ತಂದಳು. ಮುಂದೆ ಗುಂಡಿ, ಎದೆಯ ಎರಡೂ ಬದಿ ಮತ್ತು ತೋಳಿನುದ್ದಕ್ಕೂ ಜಡೆ ಹೆಣೆದಂಥ ವಿನ್ಯಾಸವಿರುವ ಕಾರ್ಡಿಗನ್. ಪತ್ರಿಕೆಯವರು ಬರೆದದ್ದು ಬಲಗೈಯವರಿಗೆ. ಇವಳು ಹಾಳೆಯನ್ನು ಬೆನ್ನು ಮುಂದಾಗಿ ಕಿಟಕಿ ಗಾಜಿಗೆ ಅಂಟಿಸಿ, ಬೆಳಕಿನಲ್ಲಿ ತಿರುಗುಮುರುಗಾಗಿ ಕಂಡ ಹೆಣಿಗೆ ನಕ್ಷೆಯ ಚೌಕಗಳನ್ನು ಓದಿಕೊಂಡು ಹೆಣೆದಳು. ಜಡೆ ತಿರುವುವಾಗ ನಾಲ್ಕು ಕುಣಿಕೆ ಬೇರೆ ಹಿಡಿದಿಡಲು ಮೂರನೆಯ ಕಡ್ಡಿ ಬೇಕಂತೆ, ಅದಕ್ಕೆ ತಲೆಯ ಪಿನ್ನನ್ನೇ ಎಳೆದು ಬಳಸುತ್ತಿದ್ದಳು. ಕೂದಲು ಕಣ್ಣಿಗೆ ಬೀಳುತ್ತಿದ್ದರೂ ಕೈ ನಿಲ್ಲುತ್ತಿರಲಿಲ್ಲ. ಅಂಥ ಕೈ ನನಗಿಲ್ಲವಲ್ಲ ಎಂದು ಅವತ್ತು ಮೊದಲ ಸಲ ನನಗೆ ನಾನೇ ಒಪ್ಪಿಕೊಂಡೆ.

ಒಂದು ಭಾನುವಾರ ಅವಳ ಮನೆಗೆ ಹೋದೆ. ಬಲಗೈಯನ್ನು ಟವೆಲಿನಿಂದ ಸೊಂಟಕ್ಕೆ ಕಟ್ಟಿಕೊಂಡು, ಕನ್ನಡಿ ಮುಂದೆ ನಿಂತು, ಒಂದೇ ಕೈಯಲ್ಲಿ ಹಳೆಯ ಸ್ವೆಟರ್ ತೊಡಲು ಒದ್ದಾಡುತ್ತಿದ್ದಳು. ಇದೇನೇ ವೇಷ ಎಂದೆ. ಅತ್ತೆಗೆ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆಂದು ನೋಡುತ್ತಿದ್ದೇನೆ ಎಂದಳು. ಆಮೇಲೆ ಪತ್ರಿಕೆಯವರ ಮಾತು ಬಿಟ್ಟು ತನ್ನದೇ ದಾರಿ ಹಿಡಿದಳು. ಬಲತೋಳಿನಲ್ಲಿ ಜಡೆಯೇ ಇಲ್ಲ, ಬರೀ ಸಾದಾ ಹೆಣಿಗೆ. ಜೊತೆಗೆ ಎಡತೋಳಿಗಿಂತ ಎರಡು ಬೆರಳು ಅಗಲ.

"ಜಡೆ ಬಿಗಿ ಹಿಡಿಯುತ್ತೆ ಅಕ್ಕ, ಹಿಗ್ಗೋದಿಲ್ಲ. ಸಾದಾ ಆದ್ರೆ ಬಿದ್ದ ಕೈನ ಮೊದ್ಲು ತೂರಿಸ್ಕೋಬಹುದು," ಎಂದಳು.

ಎರಡು ತೋಳು ಎರಡು ತರಹ ಇರುವ ಬಟ್ಟೆಯನ್ನು ನನ್ನ ಅಂಗಡಿಯಲ್ಲಾದರೆ ಗಿರಾಕಿಗಳು ನನ್ನ ಮುಖದ ಮೇಲೆ ಎಸೆಯುತ್ತಾರೆ ಎಂದು ಹೇಳಿ ಬಂದೆ.

ಕಾರ್ಡಿಗನ್ ಬಂದ ಮರುದಿನ ನಾನು ಮೂವರು ಗಿರಾಕಿಗಳಿಗೆ ಅಳತೆ ತೆಗೆಯುತ್ತಿದ್ದೆ. ಅತ್ತೆ ಒಳಗಿನಿಂದ ತಾವೇ ನಡೆದುಬಂದು ಬಾಗಿಲಲ್ಲಿ ನಿಂತರು. ಇಟ್ಟಿಗೆ ಬಣ್ಣದ ಕಾರ್ಡಿಗನ್ ಮೈಮೇಲಿತ್ತು, ಗುಂಡಿ ಹಾಕಿತ್ತು. ನಾನು ತೊಡಿಸಿರಲಿಲ್ಲ. ಅವರ ಮಾತು ಈಗ ಸ್ವಲ್ಪ ತೊದಲು, ಆದರೆ ಅವತ್ತು ಸ್ಪಷ್ಟವಾಗಿಯೇ ಹೇಳಿದರು. "ಎಡಚಿ ಕೈ ಬಂಗಾರದ ಕೈ ಕಣೇ."

ಇಪ್ಪತ್ತೆರಡು ವರ್ಷ ಹೊಲಿದ ನನ್ನ ಕೈಯಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಳ್ಳಲ್ಲ.

ಮುಂದೆ ನಾನು ಮಾಡಿದ್ದನ್ನು ಗೊತ್ತಿಲ್ಲದೆ ಮಾಡಿದೆ ಎಂದು ಬರೆದರೆ ನಂಬುವವರಿದ್ದಾರೆ. ಟೈಲರ್ ಅಲ್ಲವೇ, ಎರಡು ತೋಳು ಸರಿಸಮ ಮಾಡಿದಳು ಎಂದುಕೊಳ್ಳುತ್ತಾರೆ. ನನಗೆ ಗೊತ್ತಿತ್ತು. ವಾರ ಕಳೆದ ಮೇಲೆ ಒಂದು ಮಧ್ಯಾಹ್ನ, ಅತ್ತೆ ಊಟ ಮಾಡಿ ಮಲಗಿದ್ದಾಗ, ಕಾರ್ಡಿಗನ್ ತಂದು ಬಲತೋಳನ್ನು ಒಳಮಗ್ಗುಲು ತಿರುಗಿಸಿ ಕಂಕುಳಿನಿಂದ ಮುಂಗೈವರೆಗೆ ಎರಡು ಬೆರಳು ಒಳಗೆ ಹಿಡಿದು ಹೊಲಿದೆ. ದಪ್ಪ ಉಲ್ಲನ್ ಮೇಲೆ ಮಿಷನ್ ಕೆಮ್ಮುತ್ತಾ ಹೋಯಿತು. ಮಡಿಸಿ ಮೊದಲಿದ್ದ ಕುರ್ಚಿಯ ಮೇಲೇ ಇಟ್ಟೆ.

ಮರುದಿನ ಬೆಳಿಗ್ಗೆ ಅತ್ತೆ ನನ್ನನ್ನು ಕರೆದರು. ಕಾರ್ಡಿಗನ್ ಕಡೆ ನೋಡಿದರು ಅಷ್ಟೆ. ನಾನು ತೋಳು ಎಳೆದೆಳೆದು ತೊಡಿಸಿದೆ. ತಲೆ ನನ್ನ ಹೆಗಲಿಗೆ ಬಂತು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಕಳೆದ ವಸ್ತು ಸಿಕ್ಕಷ್ಟು ಖುಷಿಯಾಯಿತು. ನಾಲ್ಕು ದಿನ ಹೀಗೇ ನಡೆಯಿತು.

ಐದನೆಯ ದಿನ ಭಾನುವಾರ, ಎಡಚಿ ಬಂದಳು. ಅತ್ತೆ ಈಗ ತಾವೇ ತೊಡುವುದಿಲ್ಲ ಎಂದು ನನ್ನ ಗಂಡ ಅವಳ ಮುಂದೆ ಹೇಳಿಬಿಟ್ಟರು. ಅವಳು ಅತ್ತೆಯ ಪಕ್ಕ ಮಂಚದ ಮೇಲೆ ಕೂತು ಬಲತೋಳನ್ನು ಬೆರಳಲ್ಲಿ ಸವರಿದಳು. ನನ್ನ ಹೊಲಿಗೆಯ ಗೆರೆ ಸಿಕ್ಕಿದ್ದು ಅವಳ ಮುಖದಲ್ಲೇ ಕಂಡಿತು. ಒಂದು ಕ್ಷಣ ನನ್ನ ಕಡೆ ನೋಡಿ ಕಣ್ಣು ತಗ್ಗಿಸಿದಳು.

"ನಾನೇ ಎಲ್ಲೋ ಅಳತೆ ತಪ್ಪಿದೀನಿ ಅಕ್ಕ. ತಗೊಂಡ್ ಹೋಗಿ ಸರಿ ಮಾಡ್ಕೊಂಡ್ ಬರ್ತೀನಿ."

ಜಗಳಕ್ಕೆ ಬಂದಿದ್ದರೆ ಗೆಲ್ಲುತ್ತಿದ್ದೆ, ಜಗಳದಲ್ಲಿ ನನ್ನನ್ನು ಮೀರಿಸಿದವರಿಲ್ಲ. ದೊಡ್ಡತನದಲ್ಲೂ ಅವಳೇ ಮುಂದಾದದ್ದನ್ನು ನನ್ನಿಂದ ಸಹಿಸಲಾಗಲಿಲ್ಲ. ನಾನು ತಪ್ಪೊಪ್ಪಿಕೊಂಡದ್ದು ಪಶ್ಚಾತ್ತಾಪದಿಂದಲ್ಲ, ಅದೇ ಹೊಟ್ಟೆಕಿಚ್ಚಿನಿಂದ.

"ನಿನ್ನ ಅಳತೆ ಸರಿಯಾಗೇ ಇದೆ. ಹೊಲಿದಿದ್ದು ನಾನು," ಎಂದೆ.

ಅತ್ತೆ ಮಾತಾಡಿದರು.

"ಗೊತ್ತು. ಅವತ್ತು ಮಲಗಿದ್ದೆ, ನಿದ್ದೆ ಬಂದಿರ್ಲಿಲ್ಲ. ಯೂನಿಫಾರಂ ಬಟ್ಟೆಗೆ ಆ ಮಿಷನ್ ಹಾಗೆ ಕೆಮ್ಮಲ್ಲ."

ಮತ್ತೆ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ. ಅತ್ತೆ ಎಡಗೈಯಿಂದ ತಮ್ಮ ಬಲಗೈಯನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡರು.

"ನನ್ನ ಕೈ ಅಂತೂ ಹೋಯ್ತು. ನಿನ್ನ ಕೈಗಾದ್ರೂ ಕೆಲ್ಸ ಇರ್ಲಿ ಅಂತ."

ನಾಲ್ಕು ದಿನ ಆ ಬಿಗಿ ತೋಳಿಗೆ ಅವರು ತಮ್ಮ ಕೈ ಕೊಟ್ಟಿದ್ದು ನನಗೋಸ್ಕರ. ಸೇವೆ ಮಾಡುತ್ತಿದ್ದೇನೆ ಎಂದು ಬೀಗುತ್ತಿದ್ದವಳು ನಾನು. ನಾನು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ಅತ್ತುಬಿಟ್ಟೆ.

ನನ್ನ ಹೊಲಿಗೆ ಉಲ್ಲನ್ನಿನೊಳಗೆ ಕಚ್ಚಿಕೊಂಡಿತ್ತು. ನಾನು ಬಿಚ್ಚಿದರೆ ಎಳೆ ಹರಿಯುತ್ತಿತ್ತು. ಎಡಚಿಯೇ ಸೂಜಿ ಮೊನೆಯಿಂದ ಒಂದೊಂದೇ ಹೊಲಿಗೆ ಎತ್ತಿ ಬಿಚ್ಚಿದಳು, ನಾನು ಪಕ್ಕದಲ್ಲಿ ತುಂಡು ದಾರ ಆರಿಸಿದೆ. ಅವಳ ಕೈ ನೋಡುತ್ತಾ ಕೂತಿದ್ದಷ್ಟು ಹೊತ್ತೂ ಹೊಟ್ಟೆ ಉರಿಯಿತು. ಅದೇನೂ ಒಂದೇ ದಿನದಲ್ಲಿ ಆರುವಂಥದ್ದಲ್ಲ.

ಸೋಮವಾರ ಬೆಳಿಗ್ಗೆ ಅತ್ತೆಯ ಕೋಣೆಯ ಹೊರಗೆ ನಿಂತೆ. ಒಳಗೆ ಏದುಸಿರು, ಮಂಚದ ಕಿರುಗುಟ್ಟು, ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಕರೆಯುತ್ತಾರೇನೋ ಎಂದು ಕಾದೆ, ಕರೆಯಲಿ ಎಂದೇ ಕಾದೆ. ಬಾಗಿಲು ತೆರೆದು ಅತ್ತೆ ಕಾರ್ಡಿಗನ್ ತೊಟ್ಟೇ ಬಂದರು. ಮೇಲಿನ ಒಂದು ಗುಂಡಿ ಬಿಟ್ಟುಹೋಗಿತ್ತು. ಹಾಕಲೆಂದು ಕೈ ಚಾಚಿದೆ. ಅವರು ಒಂದು ಹೆಜ್ಜೆ ಹಿಂದೆ ಸರಿದು, ಎಡಗೈಯಿಂದ ತಡಕಾಡಿ, ತಾವೇ ಹಾಕಿಕೊಂಡರು. ನಾನು ಚಾಚಿದ ಕೈಯಲ್ಲಿ ಬಾಗಿಲಿನ ಪರದೆ ಸರಿಮಾಡಿದೆ.