ಮಣಿಕಟ್ಟಿನ ವಯಸ್ಸು

ಎಪ್ಪತ್ತರ ದಶಕದ ಕೊನೆಯ ಮಾತು. ಕೊಟ್ಟೂರಿನಲ್ಲಿ ಅಪ್ಪನದು ಬಟ್ಟೆ ಅಂಗಡಿ. ನನಗೆ ಹದಿನಾಲ್ಕು ತುಂಬಿದರೂ ಏಳು ವರ್ಷದವರ ಫ್ರಾಕೇ ಸರಿಹೊಂದುತ್ತಿತ್ತು. ತಂಗಿ ನನ್ನ ನೆತ್ತಿಯ ಮೇಲೆ ಗದ್ದವಿಟ್ಟು ನಿಲ್ಲುತ್ತಿದ್ದಳು. ಎಳೆದರೆ ಬೆಳೆಯುತ್ತೇನೆಂದು ಅಜ್ಜಿ ದಿನಾ ಬೆಳಿಗ್ಗೆ ನನ್ನನ್ನು ಪಡಸಾಲೆಯ ತೊಲೆಗೆ ಜೋತುಬೀಳಿಸುತ್ತಿದ್ದಳು. ಕೈಬಿಟ್ಟರೆ ಮೀನಖಂಡಕ್ಕೆ ಕಸಬರಿಗೆಯ ಬರಲಿನ ಏಟು. ಅಂಗೈಯಲ್ಲಿ ಬೊಕ್ಕೆಗಳೆದ್ದು ಒಡೆದವು.

ಕೊನೆಗೆ ಹರಪನಹಳ್ಳಿಯ ಡಾಕ್ಟರೊಬ್ಬರು ಮಣಿಕಟ್ಟಿನ ಎಕ್ಸ್‌ರೇ ತೆಗೆಸಿದರು. ಎಲುಬು ಏಳು ವರ್ಷದ ಮಗುವಿನಂತಿದೆ, ಮೆದುಳಿನ ಬುಡದ ಗ್ರಂಥಿ ಬೆಳವಣಿಗೆಯ ಹಾರ್ಮೋನು ಕೊಡುತ್ತಿಲ್ಲವೇನೋ, ಬೆಂಗಳೂರಿನಲ್ಲಿ ಖಾತ್ರಿ ಮಾಡಿಸಿ ಎಂದರು.

ಬೆಂಗಳೂರಿನ ಆಸ್ಪತ್ರೆಯಲ್ಲಿ ಉಪವಾಸ ಕೆಡವಿ ನರಕ್ಕೆ ಇನ್ಸುಲಿನ್ ಚುಚ್ಚಿದರು. ರಕ್ತದ ಸಕ್ಕರೆ ಕುಸಿದಾಗ ದೇಹ ಗಾಬರಿಬಿದ್ದು ಹಾರ್ಮೋನು ಬಿಡಬೇಕು, ಬಿಡದಿದ್ದರೆ ಕಾಯಿಲೆ ಖಾತ್ರಿ. ನಾನು ಬೆವರಿ ತೊಯ್ದೆ, ಹಲ್ಲು ಕಟಕಟ ಅಂದವು, ಅವ್ವ ಇಬ್ಬಿಬ್ಬರಾಗಿ ಕಂಡಳು. ಬೆಲ್ಲ ಬೇಡಿದೆ. ಅವ್ವ ಸೆರಗಿನ ಗಂಟು ಬಿಚ್ಚುವಷ್ಟರಲ್ಲಿ ನರ್ಸು ಅವಳ ಕೈ ಹಿಡಿದು, ಈಗ ಕೊಟ್ಟರೆ ಎಲ್ಲವನ್ನೂ ಮತ್ತೆ ಮೊದಲಿನಿಂದ ಮಾಡಬೇಕಾಗುತ್ತದೆ ಎಂದಳು. ಅವ್ವ ಗೋಡೆಯತ್ತ ತಿರುಗಿ ಕೂತಳು. ಆಸ್ಪತ್ರೆಯವರು ಮತ್ತೆ ಮತ್ತೆ ರಕ್ತ ಎಳೆದರು. ಕಲಿಯುವ ಡಾಕ್ಟರುಗಳು ಸುತ್ತ ನೆರೆದು, ನನ್ನನ್ನು ಕೇಳದೆ ಫ್ರಾಕು ಎತ್ತಿ ಎದೆ ನೋಡಿ, ಇಂಗ್ಲಿಷಿನಲ್ಲಿ ಮಾತಾಡಿಕೊಂಡರು.

ಫಲಿತಾಂಶ ಕೇಳಲು ಹೋದಾಗ ದೊಡ್ಡ ಡಾಕ್ಟರು ಖುಷಿಯಲ್ಲಿದ್ದರು. ಊಹೆ ನಿಜವಾಗಿತ್ತು. ಔಷಧಿಯನ್ನು ಸತ್ತವರ ಗ್ರಂಥಿಯಿಂದ ತೆಗೆಯುತ್ತಾರೆ, ಪರದೇಶದಲ್ಲೇ ಸಾಲುವುದಿಲ್ಲ, ನಮಗೆಲ್ಲಿಂದ ಬರಬೇಕು ಎಂದರು.

ಅಪ್ಪ, "ಔಷಧಿ ಸಿಗಂಗಿಲ್ಲಂತ ಮೊದಲ ಗೊತ್ತಿತ್ತಲ್ರಿ. ಮತ್ಯಾಕ ಆ ಕೂಸಿನ ಜೀವ ಹಿಂಡಿದ್ರಿ?" ಎಂದ.

ಕಾಯಿಲೆ ಯಾವುದೆಂದು ತಿಳಿಯುವುದು ಬೇಡವೇ ಎಂದು ಡಾಕ್ಟರು ನಕ್ಕರು.

ನನಗೆ ಹತ್ತೊಂಬತ್ತಾದಾಗ ತಂಗಿಯನ್ನು ನೋಡಲು ಉಜ್ಜಿನಿಯಿಂದ ಗಂಡಿನವರು ಬಂದರು. ಅವ್ವ ನನಗೆ ಫ್ರಾಕು ಹಾಕಿ, ಎರಡು ಜಡೆ ಹೆಣೆದು, ಕಿರಿಮಗಳೆಂದಳು. ವರನ ತಾಯಿ ನನ್ನನ್ನು ತೊಡೆಯ ಮೇಲೆ ಎಳೆದುಕೊಂಡು, ಬಾಯಿಗೆ ಉಂಡಿ ತುರುಕಿ, ಎಷ್ಟನೇ ಕ್ಲಾಸು ಎಂದು ಕೇಳಿದಳು. ಮೂರನೇದು ಎಂದು ಅವ್ವನೇ ಹೇಳಿದಳು. ನಾನು ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ.

"ನಾ ಆಕಿ ಅಕ್ಕ ಅದೀನ್ರಿ," ಎಂದೆ. "ಹತ್ತೊಂಬತ್ತು ನನಗ."

ಆಕೆ ನನ್ನನ್ನು ಕೆಳಗಿಳಿಸಿ ಸೀರೆ ಕೊಡವಿಕೊಂಡಳು. ಅವ್ವ ಗಡಬಡಿಸಿ ಗ್ರಂಥಿಯ ಸಂಗತಿ, ಪರೀಕ್ಷೆಯ ಸಂಗತಿ, ಅಂಟುರೋಗವಲ್ಲವೆಂಬುದು ಎಲ್ಲವನ್ನೂ ಹೇಳಿದಳು. ಖಾತ್ರಿಯಾದ ಕಾಯಿಲೆ ಎಂಬುದಷ್ಟೇ ಅವರ ಕಿವಿಗೆ ಬಿತ್ತು. ರಕ್ತದಲ್ಲಿ ಬಂದದ್ದೋ, ತಂಗಿಯ ಮಕ್ಕಳೂ ಹೀಗಾದರೆ ಏನು ಗತಿ ಎಂದು ಕೇಳಿ, ಚಹಾ ಮುಟ್ಟದೆ ಎದ್ದರು.

ತಂಗಿ ಬಳೆ ತೆಗೆದಿಡುತ್ತಾ, ನನ್ನತ್ತ ನೋಡದೆ ಅಂದಳು: "ಆ ಪರೀಕ್ಷಾದಾಗ ನೀ ಸತ್ತಿದ್ರ ಚೊಲೋ ಇತ್ತು."

ಮರುವರ್ಷ ಅವಳಿಗೆ ಬೇರೆ ಕಡೆ ಸಂಬಂಧ ಗೊತ್ತಾಯಿತು. ಮದುವೆಗೆ ಮುಂಚೆಯೇ ನನ್ನನ್ನು ಇಟ್ಟಿಗಿಯ ಸೋದರಮಾವನ ಮನೆಗೆ ಕಳಿಸಿದರು. ಮದುವೆ ಮುಗಿದ ಮೇಲೂ ಕರೆಯಲು ಯಾರೂ ಬರಲಿಲ್ಲ. ಮಾವನ ಮಕ್ಕಳನ್ನು ಆಡಿಸುತ್ತಾ ಅಲ್ಲೇ ಉಳಿದೆ.