ಸಿಮ್ಯುಲೇಟರ್ ಮೇಷ್ಟ್ರು

ಧ್ವನಿಯ ಗದ್ದಲ ಸೋಸುವ ಎಲೆಕ್ಟ್ರಾನಿಕ್ ಚಿಪ್ ಹುಣಸೂರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿಲ್ಲ; ಕಂಪ್ಯೂಟರಿನೊಳಗೆ ಅದರಂತೆಯೇ ನಟಿಸುವ ಸಿಮ್ಯುಲೇಟರ್ ಇದೆ, ಪಕ್ಕದಲ್ಲಿ ಮಂಚಯ್ಯ ಮೇಷ್ಟ್ರು ಇದ್ದಾರೆ. ಮಕ್ಕಳು ಬರೆದ ಕೋಡ್ ಎಷ್ಟು ಹೊತ್ತು ತಿನ್ನುತ್ತದೆಂದು ಅಳೆಯುವುದೇ ಅವರ ಕಸುಬು. "ಮೊದ್ಲು ಕ್ಲಾಕ್ ಸೊನ್ನೆ ಮಾಡ್ರಲಾ, ಇಲ್ದಿದ್ರೆ ಹಳೇ ಲೆಕ್ಕಾನೂ ಸೇರ್ಕತ್ತದೆ" ಎಂದು ಗದರುತ್ತಾರೆ. ಟೀ ಅಂಗಡಿಯವನು ಸಕ್ಕರೆ ಕದಡುವುದರಲ್ಲೂ ಅವರಿಗೆ ಎರಡು ಸುತ್ತು ದಂಡವಾಗಿ ಕಾಣುತ್ತದೆ. ಇಂಥವರ ಸ್ವಂತ ಕೋಡೊಂದು ಮಾತ್ರ ಕಬ್ಬು ಹೇರಿದ ಗಾಡಿಯಂತೆ ತೆವಳುತ್ತದೆ. ತೀರಿಹೋದ ಹೆಂಡತಿ ಹಿಂದೊಮ್ಮೆ ಫೋನಿನಲ್ಲಿ ಕಳಿಸಿದ್ದ "ಊಟಕ್ಕೆ ಬನ್ರೀ" ಎಂಬ ದನಿಯನ್ನು ಸೋಸುವ ಕೋಡ್ ಅದು. ಅಷ್ಟು ಪುಟ್ಟ ಮಾತನ್ನು ತುಣುಕು ತುಣುಕಾಗಿ ಸೋಸಿ ಕೇಳಿಸಲು ಸಿಮ್ಯುಲೇಟರಿಗೆ ಇಡೀ ಮಧ್ಯಾಹ್ನ ಹಿಡಿಯುತ್ತದೆ. "ಬೇಗ ಓಡೋ ಅಂಗೆ ಮಾಡ್ಕೊಡ್ಲಾ ಸಾರ್?" ಎಂದಳು ವಿದ್ಯಾರ್ಥಿನಿ ರಮ್ಯಾ. "ಬ್ಯಾಡ ಕಣವ್ವ," ಎಂದರು ಮೇಷ್ಟ್ರು, "ಅದು ಮುಗಿಯೋಗಂಟ ಅವ್ಳು ಮಾತಾಡ್ತಾನೇ ಇರ್ತಾಳೆ."